ಅಜ್ಜಿಯ ಎರಡು ಹುಟ್ಟಿದ ದಿನ

ಅಮೆರಿಕದ ರಾಕ್‌ವಿಲ್ಲಿನಲ್ಲಿದ್ದ ವರ್ಷಗಳಲ್ಲಿ ನನಗಿದ್ದ ದೊಡ್ಡ ಚಟವೆಂದರೆ ಕೋರ್ಟು. ನಮ್ಮ ಅಪಾರ್ಟ್‌ಮೆಂಟಿನ ಬೇರೆ ಹೆಂಗಸರು ಮಾಲ್ ಸುತ್ತಲು ಹೋದರೆ, ನಾನು ಡಬ್ಬಿಗೆ ಚಿತ್ರಾನ್ನ ಹಾಕಿಕೊಂಡು ಕೌಂಟಿ ಕೋರ್ಟಿಗೆ ಹೋಗುತ್ತಿದ್ದೆ. ನನ್ನದೊಂದು ಕೇಸಿಲ್ಲ, ವ್ಯಾಜ್ಯವಿಲ್ಲ. ಸುಮ್ಮನೆ ಹಿಂದಿನ ಬೆಂಚಿನಲ್ಲಿ ಕೂತು ನೋಡುವುದು, ಅಷ್ಟೆ. ಗಂಡನ ವೀಸಾಕ್ಕೆ ಅಂಟಿಕೊಂಡು ಬಂದವಳಾದ್ದರಿಂದ ಸಂಬಳದ ಕೆಲಸ ಮಾಡುವ ಹಾಗಿರಲಿಲ್ಲ. ಮೈಸೂರಿನ ಸಂಜೆ ಕಾಲೇಜಿನಲ್ಲಿ ಎರಡು ವರ್ಷ ಲಾ ಓದಿ, ಮದುವೆಯಾಯಿತೆಂದು ಅರ್ಧಕ್ಕೇ ಬಿಟ್ಟಿದ್ದೆ. ಆ ಅರ್ಧ ಓದಿನ ಹಸಿವು ಹಾಗೇ ಉಳಿದಿತ್ತು.

ನನಗೆ ಅಲ್ಲಿ ಎಲ್ಲವೂ ಸೋಜಿಗ. ಬಾಗಿಲಲ್ಲಿ ಬ್ಯಾಗು ತೋರಿಸಿದರೆ ಸಾಕು, ಯಾರಮ್ಮಾ ನೀನು, ಇಲ್ಲೇನು ಕೆಲಸ ಅಂತ ಒಬ್ಬ ನರಪಿಳ್ಳೆಯೂ ಕೇಳುವುದಿಲ್ಲ! ಮೈಸೂರಿನ ಕೋರ್ಟಿನಲ್ಲಿ ದಫೇದಾರ ಹೆಸರು ಹಿಡಿದು ಮೂರು ಸಲ ಕೂಗುವುದನ್ನೂ, ಕರಿಕೋಟಿನವರು ವಾಯಿದೆ ಕೇಳುವುದನ್ನೂ ನೋಡಿದ್ದೆ. ಇಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಶುರುವಾದ ಕೇಸು ಊಟದ ಹೊತ್ತಿಗೆ ಮುಗಿದೇ ಹೋಗುತ್ತಿತ್ತು. ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ಸಾಕ್ಷಿಗಳು ಬಲಗೈ ಎತ್ತುವ ಗಳಿಗೆ. ಕೈ ಎತ್ತಿದ ಮನುಷ್ಯನ ಮುಖ ಹೇಗೆ ಬದಲಾಗುತ್ತದೆ ಎಂದು ನೋಡಲು ಕತ್ತು ಉದ್ದ ಮಾಡಿಕೊಂಡು ಕೂರುತ್ತಿದ್ದೆ.

ತೊಂಬತ್ತೆಂಟನೇ ಇಸವಿಯಲ್ಲಿ ಟಿವಿ ತುಂಬ ಒಂದೇ ಮಾತು. ನಮ್ಮ ಮನೆಯಿಂದ ರೆಡ್ ಲೈನ್ ರೈಲು ಹತ್ತಿದರೆ ಮುಕ್ಕಾಲು ಗಂಟೆಯಲ್ಲಿ ತಲುಪುವ ಜಾಗದಲ್ಲಿ, ದೇಶದ ಅಧ್ಯಕ್ಷರ ದೊಡ್ಡ ಕುರ್ಚಿಯಲ್ಲಿ ಕೂತವರು ಪ್ರಮಾಣ ಮಾಡಿ ಹೇಳಿದ್ದು ನಿಜವೋ ಸುಳ್ಳೋ ಎಂಬ ಚರ್ಚೆ. ಒಂದು ಚಾನೆಲಿನಲ್ಲಿ ನಾಲ್ಕು ಜನ ವಕೀಲರು, ಇನ್ನೊಂದರಲ್ಲಿ ಆರು ಜನ. ಸಣ್ಣ ವಿಷಯಕ್ಕೆ ಹೇಳಿದ ಸುಳ್ಳೂ ಅಪರಾಧವೇ? ಹೆದರಿಕೊಂಡು ಹೇಳಿದರೆ? ವೀಕೆಂಡಿನಲ್ಲಿ ಯಾರ ಮನೆಗೆ ಊಟಕ್ಕೆ ಹೋದರೂ ಬಿಸಿಬೇಳೆಬಾತಿನ ತಟ್ಟೆ ಹಿಡಿದು ಇದನ್ನೇ ಜಗಿಯುತ್ತಿದ್ದರು. ನನ್ನದು ಒಂದೇ ವಾದ. "ಕೈ ಎತ್ತಿ ಆಣೆ ಮಾಡಿದ್ಮೇಲೆ ಮುಗೀತು. ನಿಜ ಹೇಳೋದಕ್ಕೆ ಅಷ್ಟು ಕಷ್ಟ ಏನ್ರೀ?" ಎಂದು ಟಿವಿಗೇ ಬೈಯುತ್ತಿದ್ದೆ. ನನ್ನ ಗಂಡ, "ಅವರಿಗೆ ಕೇಳಿಸಲ್ಲ ಕಣೇ, ಸ್ವಲ್ಪ ವಾಲ್ಯೂಮ್ ಕಮ್ಮಿ ಮಾಡು, ನಿಂದು," ಎನ್ನುತ್ತಿದ್ದರು.

ನಮ್ಮ ಎದುರುಮನೆಗೆ ಆ ಬೇಸಿಗೆಯಲ್ಲಿ ನಂಜನಗೂಡಿನಿಂದ ಒಬ್ಬ ಅಜ್ಜಿ ಬಂದಿದ್ದರು. ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವವರು, ಮೊಮ್ಮಗನಿಗೆ ಆರು ವರ್ಷ. ಅಜ್ಜಿ ಮೂವತ್ತು ವರ್ಷ ಪ್ರೈಮರಿ ಸ್ಕೂಲಿನಲ್ಲಿ ಟೀಚರಾಗಿದ್ದು ರಿಟೈರ್ ಆದವರು. ನೋಡುವುದಕ್ಕೆ ಹಿಡಿಯಷ್ಟು, ಗಂಟಲು ಮಾತ್ರ ಇಡೀ ಶಾಲೆಗೆ ಕೇಳಿಸುವಂಥದು. ದಿನಾ ಬೆಳಿಗ್ಗೆ ಮೊಮ್ಮಗನನ್ನು ಸ್ಕೂಲ್ ಬಸ್ಸು ಹತ್ತಿಸುವುದು ಅವರ ಕೆಲಸ. ಬಸ್ಸಿನ ಡ್ರೈವರ್ ಸೌತ್ ಕ್ಯಾರೊಲಿನಾ ಕಡೆಯ ಕರಿಯ ಮನುಷ್ಯ, ಅರವತ್ತರ ಹತ್ತಿರದ ವಯಸ್ಸು, ಒಂದೊಂದು ಪದವನ್ನೂ ಎಳೆದೆಳೆದು ಮಾತಾಡುವವನು. ಅಜ್ಜಿಯನ್ನು ಕಂಡ ಕೂಡಲೇ ಆತ ಟೋಪಿ ಮುಟ್ಟಿ "ಮಾರ್ನಿಂಗ್, ಮ್ಯಾಮ್" ಎನ್ನುತ್ತಿದ್ದ. ಅಜ್ಜಿ ಕೈಮುಗಿದು "ಗುಡ್ ಮಾರ್ನಿಂಗ್, ಡ್ರೈವರಪ್ಪ" ಎನ್ನುತ್ತಿದ್ದರು. ಅಷ್ಟೇ ಅವರಿಬ್ಬರ ಪರಿಚಯ.

ಸೆಪ್ಟೆಂಬರಿನ ಒಂದು ಬೆಳಿಗ್ಗೆ ಆ ಬಸ್ಸು ನಮ್ಮ ಗೇಟಿನ ಪಕ್ಕದ ಸಿಗ್ನಲ್ ದಾಟುವಾಗ ಅಡ್ಡರಸ್ತೆಯಿಂದ ಬಂದ ಒಂದು ಕಾರು ಹಿಂಭಾಗಕ್ಕೆ ಗುದ್ದಿತು. ಮಕ್ಕಳಿಗೆ ಏನೂ ಆಗಲಿಲ್ಲ, ದೇವರು ದೊಡ್ಡವನು. ಆದರೆ ಕಾರಿನವನು, ಬಸ್ಸೇ ಕೆಂಪು ದೀಪ ದಾಟಿತು ಎಂದು ಪೊಲೀಸರಿಗೆ ಹೇಳಿಬಿಟ್ಟ. ಮಕ್ಕಳು ತುಂಬಿದ ಬಸ್ಸಿನಲ್ಲಿ ಕೆಂಪು ದೀಪ ದಾಟಿದನೆಂದು ಸಾಬೀತಾದರೆ ಆತನ ಕೆಲಸ ಹೋಯಿತೆಂದೇ ಲೆಕ್ಕ, ಮತ್ತೆ ಯಾರೂ ಬಸ್ಸು ಮುಟ್ಟಲು ಬಿಡುವುದಿಲ್ಲ. ಅಲ್ಲಿದ್ದ ತಾಯಂದಿರೆಲ್ಲ ಮಕ್ಕಳನ್ನು ಹತ್ತಿಸಿ ಆಗಲೇ ಕಾರುಗಳಿಗೆ ಓಡಿದ್ದರು. ಬಸ್ಸು ಸಿಗ್ನಲ್ ದಾಟುವವರೆಗೂ ನಿಂತು ಮೊಮ್ಮಗನಿಗೆ ಕೈ ಬೀಸುತ್ತಿದ್ದವರು ಅಜ್ಜಿಯೊಬ್ಬರೇ. ನೋಡಿದವರೂ ಅವರೊಬ್ಬರೇ.

ಡ್ರೈವರನ ಪರವಾಗಿ ಒಬ್ಬಳು ಚಿಕ್ಕ ವಯಸ್ಸಿನ ವಕೀಲೆ ಮನೆಮನೆ ಬಾಗಿಲು ತಟ್ಟುತ್ತ ಬಂದಳು. ಅಜ್ಜಿಯ ಮಗ ಬೇಡವೇ ಬೇಡ ಎಂದುಬಿಟ್ಟ. "ಅಮ್ಮಾ, ನೀನು ವಿಸಿಟರ್ ವೀಸಾದಲ್ಲಿ ಬಂದಿದ್ದೀಯ. ಕೋರ್ಟು ಗೀರ್ಟು ಬೇಡ, ಸುಮ್ನೆ ಪ್ರಾಬ್ಲಮ್ ಆಗತ್ತೆ."

ಅಜ್ಜಿ, "ನೋಡಿದ್ದನ್ನ ನೋಡಿದೆ ಅಂತ ಹೇಳೋದಕ್ಕೆ ವೀಸಾ ಬೇಕೇನೋ?" ಎಂದರು.

ನಾನು ಬಾಯಿ ಹಾಕದೆ ಇರುತ್ತೇನೆಯೇ! ಈ ದೇಶದಲ್ಲಿ ಸಾಕ್ಷಿ ಹೇಳುವುದು ದೊಡ್ಡ ಗೌರವ, ಯಾರೂ ಮುಟ್ಟುವ ಹಾಗಿಲ್ಲ, ನಿಜ ಹೇಳಿದರೆ ಹೆದರಿಕೆ ಏನು ಎಂದು ಅರ್ಧ ಗಂಟೆ ಭಾಷಣ ಬಿಗಿದೆ. ಕೋರ್ಟಿನವರ ಹತ್ತಿರ ದುಭಾಷಿಗಳ ಪಟ್ಟಿಯಲ್ಲಿ ಹಿಂದಿ ಇತ್ತು, ತಮಿಳಿತ್ತು, ಕನ್ನಡ ಇರಲಿಲ್ಲ. ಅದನ್ನು ಕೇಳಿ ನನಗೆ ಮೈಯೆಲ್ಲ ಉರಿಯಿತು. ಅಜ್ಜಿಗೆ ನಾನು ಸಂಬಂಧಿಕಳಲ್ಲ, ಇಂಗ್ಲಿಷ್ ಬರುತ್ತದೆ, ಬಿಟ್ಟಿಯಾಗಿ ಬರುತ್ತೇನೆ ಎಂದೆ. ವಕೀಲೆ ಜಡ್ಜರನ್ನು ಕೇಳಿ ಒಪ್ಪಿಸಿದಳು. ಆ ರಾತ್ರಿ ಗಂಡನಿಗೆ ಹೇಳುವಾಗ ನನ್ನ ಕಾಲು ನೆಲದ ಮೇಲಿರಲಿಲ್ಲ. ಅವರು, "ನೀನು ಬರೀ ಹೇಳಿದ್ದನ್ನ ಟ್ರಾನ್ಸ್‌ಲೇಟ್ ಮಾಡು. ವಾದ ಮಾಡ್ಬೇಡ," ಎಂದಷ್ಟೇ ಹೇಳಿದರು.

ವಿಚಾರಣೆ ಅಕ್ಟೋಬರಿನಲ್ಲಿ ಬಂತು. ಇಷ್ಟು ದಿನ ಹಿಂದಿನ ಬೆಂಚಿನಿಂದ ನೋಡಿದ ಕೋಣೆಯಲ್ಲಿ ಮುಂದೆ ನಿಂತಾಗ ಎಲ್ಲವೂ ಬೇರೆಯೇ ಕಂಡಿತು. ಜಡ್ಜರು ತಲೆ ನೆರೆತವರು, ಗೋಡೆಯ ಪಕ್ಕದಲ್ಲಿ ರಸ್ತೆಯ ನಕ್ಷೆ ಬರೆಯಲು ಒಂದು ಬಿಳಿ ಬೋರ್ಡು, ಎದುರಿಗೆ ಸರ್ಕಾರಿ ವಕೀಲ. ಡ್ರೈವರ್ ಸೂಟು ಹಾಕಿಕೊಂಡು, ಟೋಪಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಮೊದಲು ನನಗೇ ಪ್ರಮಾಣ ಮಾಡಿಸಿದರು. ಸಾಕ್ಷಿ ಹೇಳಿದ್ದನ್ನು ಕೂಡಿಸದೆ, ಕಳೆಯದೆ, ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ ಎಂದು ಕೈ ಎತ್ತಿದೆ. ಆಮೇಲೆ ಅಜ್ಜಿ ಕೈ ಎತ್ತಿದರು, ತರಗತಿಯಲ್ಲಿ ಹಾಜರಿ ಹೇಳುವ ಮಗುವಿನಷ್ಟು ನೆಟ್ಟಗೆ.

ಡ್ರೈವರನ ವಕೀಲೆ ಕೇಳಿದ್ದೆಲ್ಲ ಸಲೀಸಾಗಿ ಹೋಯಿತು. ದೀಪ ಯಾವ ಬಣ್ಣವಿತ್ತು? ಹಸಿರು. ಕಾರು ಹೇಗೆ ಬಂತು? ಜೋರಾಗಿ. ನಾನು ಪದಕ್ಕೆ ಪದ ಹೇಳಿದೆ, ಒಳಗೊಳಗೇ ಬೀಗಿದೆ. ಆಮೇಲೆ ಸರ್ಕಾರಿ ವಕೀಲ ಎದ್ದ. ವಯಸ್ಸಾದ ಹೆಂಗಸು, ಕಣ್ಣು ಸರಿಯಿಲ್ಲ ಎಂದು ತೋರಿಸುವುದು ಅವನ ಹಂಚಿಕೆ. ಕನ್ನಡಕ ಎಷ್ಟು ವರ್ಷದಿಂದ? ಕಣ್ಣಿನ ಪೊರೆ ತೆಗೆಸಿದ್ದೀರಾ? ಹುಟ್ಟಿದ ದಿನಾಂಕ ಯಾವುದು?

ಅಜ್ಜಿ ನನ್ನ ಕಡೆ ತಿರುಗಿ, "ಯಾವ್ದು ಹೇಳ್ಲಮ್ಮಾ, ನಿಜವಾದ್ದೋ ಸ್ಕೂಲಿಂದೋ?" ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ ಮುಂದುವರಿಸಿದರು. "ಪಾಸ್‌ಪೋರ್ಟಲ್ಲಿ ಜೂನ್ ಒಂದು ಅಂತಿದೆ, ಅದು ನಮ್ಮ ಮೇಷ್ಟ್ರು ಬರ್ಕೊಂಡಿದ್ದು. ನನ್ನ ಎರಡು ವರ್ಷ ತಡವಾಗಿ ಸ್ಕೂಲಿಗೆ ಸೇರಿಸಿದ್ರು, ಅದಕ್ಕೆ ಎರಡು ವರ್ಷ ಕಮ್ಮಿ ಮಾಡಿ ಬರೆದ್ರು. ನಾನು ಹುಟ್ಟಿದ್ದು ವಿಭವ ಸಂವತ್ಸರ, ಭಾದ್ರಪದದಲ್ಲಿ, ಗೌರಿ ಹಬ್ಬದ ಹಿಂದಿನ ದಿನ. ಆಣೆ ಮಾಡಿದ್ದೀನಲ್ಲ, ಇದನ್ನೇ ಹೇಳು."

ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಜೂನ್‌ನಲ್ಲಿ ಸ್ಕೂಲು ತೆರೆಯುತ್ತದೆ, ಮಗುವಿಗೆ ಅಷ್ಟು ವರ್ಷ ತುಂಬಿರಬೇಕು ಎಂಬ ನಿಯಮ, ಜಾತಕ ಎಲ್ಲೋ ಅಟ್ಟದ ಮೇಲೆ, ಮೇಷ್ಟ್ರು ರಿಜಿಸ್ಟರಿನಲ್ಲಿ ಜೂನ್ ಒಂದು ಎಂದು ಗೀಚಿದರೆ ಜೀವಮಾನಕ್ಕೆಲ್ಲ ಅದೇ ಹುಟ್ಟಿದ ದಿನ. ಮನೆಯಲ್ಲಿ ಪಾಯಸ ಮಾಡುವುದು ತಿಥಿ ನೋಡಿ, ಅರ್ಜಿ ತುಂಬುವುದು ಸರ್ಟಿಫಿಕೇಟು ನೋಡಿ. ಅದು ಸುಳ್ಳು ಎಂದು ಯಾರಿಗೂ ಅನಿಸಿರಲೇ ಇಲ್ಲ. ಆದರೆ ಅಮೆರಿಕದ ಕೋರ್ಟಿನಲ್ಲಿ, ನನ್ನ ಪಾಸ್‌ಪೋರ್ಟಿನ ದಿನಾಂಕ ನಿಜವಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದರೆ ಹೇಗೆ ಕೇಳಿಸುತ್ತದೆ! ಅಜ್ಜಿಯ ವೀಸಾದ ಗತಿ ಏನು? ಸಾಕ್ಷಿ ಕೆಟ್ಟು ಡ್ರೈವರನ ಗತಿ ಏನು? ಮುಚ್ಚಿಡುವುದೇಕೆ, ನನ್ನ ಗತಿಯೂ ತಲೆಗೆ ಬಂತು. ನಮ್ಮ ಗ್ರೀನ್ ಕಾರ್ಡಿನ ಅರ್ಜಿ ಆಗ ಸರ್ಕಾರದ ಯಾವುದೋ ಕಪಾಟಿನಲ್ಲಿತ್ತು. ಅದರಲ್ಲಿ ನನ್ನ ಹುಟ್ಟಿದ ದಿನವೂ ಜೂನ್ ಒಂದೇ. ನಾನು ಹುಟ್ಟಿದ್ದು ದೀಪಾವಳಿ ಕಳೆದು ಮೂರನೇ ದಿನ.

ಇಷ್ಟೆಲ್ಲ ಯೋಚನೆಗೆ ಎರಡು ಉಸಿರಿನಷ್ಟೂ ಹೊತ್ತು ಹಿಡಿಯಲಿಲ್ಲ. ನಾನು ಜಡ್ಜರ ಕಡೆ ನೋಡಿ, ಜೂನ್ ಒಂದು ಎಂದು ಹೇಳಿ, ವಕೀಲೆಯ ಕಾಗದದಲ್ಲಿ ನೋಡಿದ್ದ ಪಾಸ್‌ಪೋರ್ಟಿನ ಇಸವಿಯನ್ನೂ ಸೇರಿಸಿ, ಬಾಯಿ ಮುಚ್ಚಿದೆ.

ಸರ್ಕಾರಿ ವಕೀಲ ಮುಂದಿನ ಪ್ರಶ್ನೆಗೆ ಹಾಳೆ ತಿರುವಿದ. ಅಜ್ಜಿ ನನ್ನ ತೋಳು ಹಿಡಿದು ಜಗ್ಗಿದರು. "ಅಯ್ಯೋ, ನಾನು ಹೇಳಿದ್ದು ಅದಲ್ವಲ್ಲಮ್ಮಾ. ಜೂನ್ ಅಲ್ಲ ಅಂತ ತಾನೆ ಹೇಳಿದ್ದು?"

ನಾನು ಮೆಲ್ಲಗೆ, "ಇರ್ಲಿ ಬಿಡಿ ಅಜ್ಜಿ, ಆಮೇಲೆ ಹೇಳ್ತೀನಿ," ಎಂದೆ.

"ಆಮೇಲೆ ಏನು ಆಮೇಲೆ!" ಎಂದು ಅಜ್ಜಿ ಜಡ್ಜರ ಕಡೆ ತಿರುಗಿ, ಬೆರಳಾಡಿಸಿ, ಆ ಶಾಲೆಯ ಗಂಟಲಿನಲ್ಲಿ ಹೇಳಿದರು: "ಸರ್, ನೋ ಜೂನ್. ನೋ."

ಜಡ್ಜರು ಪೆನ್ನು ಕೆಳಗಿಟ್ಟು, ಸಾಕ್ಷಿ ನಿಜವಾಗಿ ಹೇಳಿದ್ದೇನು ಎಂದು ನನ್ನನ್ನು ಕೇಳಿದರು. ನಾನು ಹೇಳಿದೆ. ಮೇಷ್ಟ್ರು, ಸ್ಕೂಲು, ಗೌರಿ ಹಬ್ಬ, ಎಲ್ಲ. ಹಾಗಾದರೆ ನೀನು ಬೇರೆ ಉತ್ತರ ಕೊಟ್ಟದ್ದು ಏಕೆ ಎಂದರು. ಟಿವಿಯ ಮುಂದೆ ಅಷ್ಟು ಮಾತಾಡುತ್ತಿದ್ದವಳು ನಾನೇ. "ಹೆದರಿಕೆಯಾಯಿತು, ನನ್ನ ದಾಖಲೆಯಲ್ಲೂ ಹಾಗೇ ಇದೆ," ಎಂದು ಇಂಗ್ಲಿಷಿನಲ್ಲಿ ಹೇಗೋ ಒದರಿದೆ.

ಸರ್ಕಾರಿ ವಕೀಲನಿಗೆ ಅಷ್ಟೇ ಬೇಕಾಗಿತ್ತು. ದುಭಾಷಿಯೇ ಉತ್ತರ ತಿರುಚಿದ ಮೇಲೆ ಈ ಸಾಕ್ಷಿಯ ಒಂದು ಮಾತನ್ನೂ ನಂಬುವಂತಿಲ್ಲ, ದೀಪ ಹಸಿರಿತ್ತು ಎಂದದ್ದು ಅಜ್ಜಿಯೋ ದುಭಾಷಿಯೋ ಯಾರಿಗೆ ಗೊತ್ತು, ಎಲ್ಲವನ್ನೂ ಹೊಡೆದು ಹಾಕಬೇಕು ಎಂದ. ಹೇಳಿದ್ದು ತಪ್ಪೂ ಆಗಿರಲಿಲ್ಲ, ಅದೇ ನೋಡಿ ಸಂಕಟ. ಡ್ರೈವರ್ ನನ್ನನ್ನೇ ನೋಡುತ್ತಿದ್ದ. ಸಿಟ್ಟಿನಿಂದಲ್ಲ, ಹೀಗೇಕೆ ಮಾಡಿದೆ ಎಂದು ಅರ್ಥವಾಗದೆ. ಆತನ ಇಡೀ ಜೀವನದ ಕೆಲಸ ನಾನು ಹೇಳಿದ ಜೂನ್ ಎಂಬ ಒಂದೇ ಪದದಲ್ಲಿ ಮುಳುಗಿಹೋಯಿತು ಎಂದುಕೊಂಡೆ. ಜಡ್ಜರು ಬೆಳಗಿನಿಂದ ನನ್ನ ಮೂಲಕ ಬಂದ ಸಾಕ್ಷಿಯನ್ನೆಲ್ಲ ಬದಿಗಿಟ್ಟು, ನೀನು ಹೋಗಿ ಹಿಂದೆ ಕೂರು ಎಂದರು. ನನ್ನ ಹಳೆಯ ಬೆಂಚಿಗೇ ಹೋಗಿ ಕೂತೆ.

ಬೇರೆ ಕನ್ನಡದವರು ಯಾರಾದರೂ ಇದ್ದಾರೆಯೇ ಎಂದು ವಿಚಾರಿಸಿದರು. ಇರಲಿಲ್ಲ. ಅಷ್ಟರಲ್ಲಿ ಅಜ್ಜಿ ಎದ್ದು ನಿಂತು ಬಿಳಿ ಬೋರ್ಡಿನ ಕಡೆ ಬೆರಳು ತೋರಿಸಿದರು. "ಸರ್, ಐ ಟೀಚರ್. ಸ್ಮಾಲ್ ಇಂಗ್ಲಿಷ್. ಐ ಶೋ?"

ಜಡ್ಜರು ಸರ್ಕಾರಿ ವಕೀಲನ ಮುಖ ನೋಡಿದರು. ಅವನು ಭುಜ ಕುಣಿಸಿದ, ಈ ಮುದುಕಿ ತಾನಾಗಿ ಏನು ಹೇಳಿಯಾಳು ಎನ್ನುವ ಹಾಗೆ. ಅಜ್ಜಿ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಪೆನ್ನು ತೆಗೆದುಕೊಂಡು, ಹಿಂದಿನ ಕೇಸಿನವರು ಬರೆದಿದ್ದನ್ನು ಅಂಗೈಯಲ್ಲೇ ಒರೆಸಿ, ಎರಡು ರಸ್ತೆ ಎಳೆದರು. ಗೆರೆ ಎಷ್ಟು ನೇರ ಅಂತೀರಿ! ಬಸ್ಸು, ಕಾರು, ಒಂದು ದೀಪದ ಕಂಬ. ಮೂಲೆಯಲ್ಲಿ ಒಂದು ಸಣ್ಣ ಗೊಂಬೆ ಬರೆದು ತಮ್ಮ ಎದೆ ಮುಟ್ಟಿ ತೋರಿಸಿದರು.

"ದಿಸ್ ಮಿ. ಬಸ್ ಗೋ, ಐ ವಾಕ್ ಕಾರ್ನರ್. ಮೈ ಬಾಯ್ ವಿಂಡೋ. ಐ ಸೀ ಬಾಯ್, ಐ ಸೀ ಲೈಟ್. ಗ್ರೀನ್."

ಬಸ್ಸು ಅಷ್ಟು ದೊಡ್ಡದು, ಅದರ ಹಿಂದೆ ನಿಂತವರಿಗೆ ಮೇಲಿನ ದೀಪ ಕಾಣಲು ಹೇಗೆ ಸಾಧ್ಯ ಎಂದು ಸರ್ಕಾರಿ ವಕೀಲ ನಿಧಾನವಾಗಿ, ಸಣ್ಣ ಸಣ್ಣ ಪದಗಳಲ್ಲಿ ಕೇಳಿದ. ಅಜ್ಜಿಗೆ ಅರ್ಥವಾಯಿತು. ತಲೆಯಾಡಿಸಿ, ರಸ್ತೆ ದಾಟುವ ಜಾಗದಲ್ಲಿ ಇನ್ನೊಂದು ಚಿಕ್ಕ ಕಂಬ ಬರೆದು, ಅದರೊಳಗೆ ನಡೆಯುವ ಮನುಷ್ಯನನ್ನು ಬರೆದರು. ಅಲ್ಲಿ ರಸ್ತೆ ದಾಟುವವರಿಗೆ ದೀಪದಲ್ಲಿ ಕೈಯ ಚಿತ್ರ ಕಂಡರೆ ನಿಲ್ಲಬೇಕು, ನಡೆಯುವ ಬಿಳಿ ಮನುಷ್ಯ ಕಂಡರೆ ದಾಟಬಹುದು. "ದಿಸ್ ಸೈಡ್ ಲಿಟ್ಲ್ ಮ್ಯಾನ್. ವೈಟ್. ವಾಕಿಂಗ್. ಹ್ಯಾಂಡ್ ನೋ. ಲಿಟ್ಲ್ ಮ್ಯಾನ್ ವಾಕಿಂಗ್, ಬಸ್ ಆಲ್ಸೋ ಗೋಯಿಂಗ್. ಸೇಮ್ ಟೈಮ್. ಎವ್ರಿ ಡೇ ಸೇಮ್."

ಜಡ್ಜರು ಮುಂದಕ್ಕೆ ಬಾಗಿದರು. ನನಗೂ ಆಗಲೇ ಹೊಳೆದದ್ದು. ನಡೆಯುವವರ ದೀಪ ಬಸ್ಸಿನ ದಿಕ್ಕಿಗೇ ಇದ್ದರೆ, ಅದರಲ್ಲಿ ಮನುಷ್ಯ ನಡೆಯುತ್ತಿದ್ದಾಗ ಬಸ್ಸಿಗೆ ಹಸಿರಲ್ಲದೆ ಬೇರೆ ಇರಲು ಸಾಧ್ಯವೇ ಇಲ್ಲ! ಬೆಳಗಿನಿಂದ ಅದನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ, ಅಷ್ಟು ದಿನ ಅವರ ಎದುರುಮನೆಯಲ್ಲಿದ್ದುಕೊಂಡು.

ಸರ್ಕಾರಿ ವಕೀಲ ಕೊನೆಯದಾಗಿ ಪಾಸ್‌ಪೋರ್ಟಿನ ಮಾತು ತೆಗೆದ. ನಿಮ್ಮ ದಾಖಲೆಯಲ್ಲಿರುವುದು ಸುಳ್ಳು ಎಂದು ನೀವೇ ಹೇಳುತ್ತೀರಾ?

ಅಜ್ಜಿ ಪೆನ್ನಿನ ಮುಚ್ಚಳ ಹಾಕಿದರು. "ಯೆಸ್. ಟೀಚರ್ ರೋಟ್. ಐ ಆಲ್ಸೋ ಟೀಚರ್. ಐ ಆಲ್ಸೋ ರೋಟ್ ಜೂನ್ ಒನ್. ಮೆನಿ ಮೆನಿ ಚಿಲ್ಡ್ರನ್. ರಾಂಗ್. ಬಟ್ ಟುಡೇ ಹ್ಯಾಂಡ್ ಅಪ್, ಸರ್."

ಯಾರೋ ನಕ್ಕರು. ಜಡ್ಜರು ನಗಲಿಲ್ಲ. ಬೋರ್ಡಿನ ಕಡೆ ಕೈ ತೋರಿಸಿ, ಯಾರೂ ಹಿಡಿಯದಿದ್ದ ತಪ್ಪನ್ನು ತನಗೇ ನಷ್ಟವಾಗುವಂತೆ ತಿದ್ದಿದ ಈ ಹೆಂಗಸು ದೀಪದ ಬಣ್ಣದ ವಿಷಯದಲ್ಲಿ ಸುಳ್ಳು ಹೇಳುತ್ತಾರೆಂದು ನನಗನಿಸುವುದಿಲ್ಲ ಎಂದರು. ಡ್ರೈವರನ ಮೇಲಿನ ಆರೋಪ ಸಾಬೀತಾಗಿಲ್ಲ ಎಂದು ಬರೆದರು. ಆತ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡ.

ಹೊರಗೆ ಕಾರಿಡಾರಿನಲ್ಲಿ ಆತ ಅಜ್ಜಿಯ ಮುಂದೆ ಬಂದು ನಿಂತ. ಏನು ಮಾಡಬೇಕೆಂದು ತೋಚದೆ, ಅವರ ಹಾಗೆಯೇ ಕೈ ಮುಗಿದ. ನಾನು ಮೂರು ಹೆಜ್ಜೆ ದೂರದಲ್ಲಿ, ನೆಲದ ಟೈಲ್ಸ್ ಎಣಿಸುತ್ತ ನಿಂತಿದ್ದೆ. ಅಜ್ಜಿ, "ಬಾ ಇಲ್ಲಿ," ಎಂದು ಕರೆದರು. "ನಾನು ಹುಟ್ಟಿದ್ದರ ಬಗ್ಗೆ ಅಲ್ಲಿ ಒಳಗೆ ಹೇಳಿದ್ನಲ್ಲ, ಅದನ್ನ ಈಗ ಇವರಿಗೆ ಸರಿಯಾಗಿ ಹೇಳು. ಮೊದಲಿಂದ."

ನಾನು ಹೇಳಿದೆ. ಎರಡು ವರ್ಷ ತಡವಾಗಿ ಶಾಲೆಗೆ ಸೇರಿದ್ದು, ಮೇಷ್ಟ್ರು ಬರೆದುಕೊಂಡದ್ದು, ಭಾದ್ರಪದ ಅಂದರೆ ಯಾವ ಕಾಲ, ಗೌರಿ ಹಬ್ಬ ಅಂದರೇನು, ಒಂದನ್ನೂ ಬಿಡದೆ ಹೇಳಿದೆ. ಆತ ಟೋಪಿ ಕೈಯಲ್ಲಿ ಹಿಡಿದು ಪೂರ್ತಿ ಕೇಳಿಸಿಕೊಂಡ. ಹಾಗಾದರೆ ಈಗ ನಿಜವಾಗಿ ಎಷ್ಟು ವರ್ಷ ಎಂದ. ಈ ಸಲದ ಗೌರಿ ಹಬ್ಬಕ್ಕೆ ಎಪ್ಪತ್ತು ತುಂಬಿತು ಎಂದೆ. ಆತ ಅಜ್ಜಿಯ ಕಡೆ ಬಾಗಿ, ತನ್ನ ತಾಯಿ ಹತ್ತಿಯ ಹೊಲದ ಬದಿಯ ಮನೆಯಲ್ಲಿ ಹುಟ್ಟಿದವಳು, ಅವಳಿಗೂ ತಾನು ಹುಟ್ಟಿದ ದಿನ ಯಾವುದೆಂದು ಗೊತ್ತಿರಲಿಲ್ಲ ಎಂದ. ಆಮೇಲೆ, ತಡವಾಗಿಯಾದರೂ ನಿಮಗೆ ಹುಟ್ಟುಹಬ್ಬದ ಶುಭಾಶಯ ಎಂದ.

ನಾನು ಅಜ್ಜಿಗೆ ಕನ್ನಡದಲ್ಲಿ ಹೇಳಿದೆ. ತಾಯಿಯ ವಿಷಯ, ಹತ್ತಿಯ ಹೊಲ, ಶುಭಾಶಯ, ಪ್ರತಿಯೊಂದನ್ನೂ.

ಅಜ್ಜಿ ತಲೆಯಾಡಿಸುತ್ತ ಕೇಳಿಸಿಕೊಂಡರು. ಆಮೇಲೆ ಗದರಿಕೆ ಇಲ್ಲದೆ, ತೀರ ಮೃದುವಾಗಿ ಕೇಳಿದರು: "ಅಷ್ಟೇನಮ್ಮಾ ಅವರು ಹೇಳಿದ್ದು? ಏನನ್ನೂ ಬಿಟ್ಟಿಲ್ಲ ತಾನೆ?"

"ಇಲ್ಲ ಅಜ್ಜಿ, ಅಷ್ಟೇ," ಎಂದೆ.

ಅವರು ನನ್ನ ಮುಖ ನೋಡಲಿಲ್ಲ. ಆತನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ನಾನು ಹೇಳಿದ ಮಾತೇ ಆ ಮುಖದಲ್ಲೂ ಇದೆಯೆಂದು ಖಾತ್ರಿಯಾದ ಮೇಲೆ, "ಥ್ಯಾಂಕ್ಯೂ, ಡ್ರೈವರಪ್ಪ," ಎಂದರು.